ಸತ್ತ ಕೀಗೆ ಬದಲಿ: ವಿಎಸ್ ಕೋಡ್‌ನ ಶಾರ್ಟ್‌ಕಟ್ ಬದಲಾವಣೆ

ನನ್ನ ಲ್ಯಾಪ್‌ಟಾಪ್‌ಗೆ ಆರು ವರ್ಷ. ಕಳೆದ ಮಳೆಗಾಲದಲ್ಲಿ ಅದರ ಒಂದು ಕೀ ಸತ್ತುಹೋಯಿತು. ಎಸ್ಕೇಪ್ ಕೀಯ ಕೆಳಗೆ, ಅಂಕಿ ಒಂದರ ಎಡಕ್ಕಿರುವ ಬ್ಯಾಕ್‌ಟಿಕ್ (`) ಕೀ. ಚಹಾ ಚೆಲ್ಲಿದವಳು ನಾನೇ, ಯಾರನ್ನೂ ದೂರುವಂತಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿನ ಹುಡುಗ ಎರಡು ಸಲ ಒತ್ತಿ ನೋಡಿ, "ಒಂದೇ ಕೀ ಹಾಕಲು ಆಗುವುದಿಲ್ಲ ಮೇಡಂ, ಪೂರ್ತಿ ಕೀಬೋರ್ಡ್ ಬದಲಿಸಬೇಕು, ಎರಡೂವರೆ ಸಾವಿರ" ಎಂದ. ಒಂದು ಹಲ್ಲು ಹುಳುಕಾಯಿತೆಂದು ಬಾಯಿತುಂಬ ಹಲ್ಲು ಕಟ್ಟಿಸಿಕೊಳ್ಳುವ ಲೆಕ್ಕ ನನಗೆ ಒಗ್ಗಲಿಲ್ಲ. ಮನೆಗೆ ವಾಪಸು ತಂದೆ.

ಪ್ರೋಗ್ರಾಂ ಬರೆಯದವರಿಗೆ ಈ ಕೀ ಇದ್ದರೂ ಒಂದೇ, ಹೋದರೂ ಒಂದೇ. ನಾನು ಶಾಲೆಗಳಿಗೆ ಹಾಜರಿ ಮತ್ತು ಶುಲ್ಕದ ತಂತ್ರಾಂಶ ಬರೆಯುತ್ತೇನೆ. ಜಾವಾಸ್ಕ್ರಿಪ್ಟ್‌ನಲ್ಲಿ ವಾಕ್ಯದ ನಡುವೆ ಮಗುವಿನ ಹೆಸರನ್ನೋ ತರಗತಿಯನ್ನೋ ಕೂರಿಸಬೇಕಾದರೆ ಆ ವಾಕ್ಯದ ಎರಡೂ ತುದಿಗೆ ಬ್ಯಾಕ್‌ಟಿಕ್ ಬೇಕು. ಅದೇ ಕೀಯನ್ನು ಶಿಫ್ಟ್ ಜೊತೆ ಒತ್ತಿದರೆ ಬರುವ ಅಲೆಗೆರೆ, ಅಂದರೆ ಟಿಲ್ಡೆ (~), ಲಿನಕ್ಸ್ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ನಮ್ಮ ಮನೆ ಫೋಲ್ಡರಿನ ವಿಳಾಸ. ಸಾಲದ್ದಕ್ಕೆ, ನಾನು ಪ್ರೋಗ್ರಾಂ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್‌ನೊಳಗೆ ಟರ್ಮಿನಲ್ ತೆರೆಯುವುದೂ ಕಂಟ್ರೋಲ್ ಮತ್ತು ಬ್ಯಾಕ್‌ಟಿಕ್‌ನಿಂದಲೇ.

ವಿಎಸ್ ಕೋಡ್ ಮೊದಲು ಹೊರಬಂದದ್ದು 2015ರಲ್ಲಿ. ನಾನು ಬಳಸಲು ಶುರುಮಾಡಿ ಏಳು ವರ್ಷವಾದರೂ ಅದರ ಶಾರ್ಟ್‌ಕಟ್ ಪುಟವನ್ನು ಒಮ್ಮೆಯೂ ತೆರೆದಿರಲಿಲ್ಲ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಳ್ಳುವ ಸ್ವಭಾವ ನನ್ನದು. ಕಂಟ್ರೋಲ್+ಕೆ, ಅದರ ಹಿಂದೆಯೇ ಕಂಟ್ರೋಲ್+ಎಸ್ ಒತ್ತಿದರೆ ಆ ಪುಟ ಬರುತ್ತದೆ. ಉದ್ದನೆಯ ಪಟ್ಟಿ, ಮೇಲೆ ಹುಡುಕುವ ಪೆಟ್ಟಿಗೆ. ಬೇಕಾದ ಸಾಲಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಹೊಸ ಕೀಗಳನ್ನು ಒತ್ತಿ ಎಂಟರ್ ಕೊಟ್ಟರೆ ಮುಗಿಯಿತು. ಆ ಕೀಗಳು ಈಗಾಗಲೇ ಬೇರೆ ಕೆಲಸಕ್ಕೆ ನಿಗದಿಯಾಗಿದ್ದರೆ ಅಲ್ಲೇ ಹೇಳುತ್ತದೆ. ಟರ್ಮಿನಲ್ ತೆರೆಯುವ ಕೆಲಸವನ್ನು ಆಲ್ಟ್+ಜೆ ಕೀಗೆ ವಹಿಸಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಇಷ್ಟು ಸುಲಭವಿದ್ದದ್ದನ್ನು ಏಳು ವರ್ಷ ಮುಟ್ಟದೆ ಕುಳಿತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಆದರೆ ಬ್ಯಾಕ್‌ಟಿಕ್ ಅಕ್ಷರವನ್ನೇ ಮೂಡಿಸಬೇಕಲ್ಲ? ಅದು ಈ ಚೆಂದದ ಪಟ್ಟಿಯಿಂದ ಆಗುವ ಕೆಲಸವಲ್ಲ. ಆಜ್ಞೆಯ ಜೊತೆಗೆ "ಇದನ್ನು ಬರೆ" ಎಂಬ ವಿವರವನ್ನೂ ಕೊಡಬೇಕಾದರೆ ಪಟ್ಟಿಯ ಹಿಂದಿರುವ ಕೀಬೈಂಡಿಂಗ್ಸ್ ಡಾಟ್ ಜೇಸನ್ ಎಂಬ ಕಡತಕ್ಕೇ ಇಳಿಯಬೇಕು. ಪುಟದ ಬಲ ಮೇಲ್ಮೂಲೆಯ ಚಿಕ್ಕ ಚಿತ್ರವನ್ನು ಒತ್ತಿದರೆ ಅದು ತೆರೆಯುತ್ತದೆ. ಒಂದೊಂದು ನಿಯಮಕ್ಕೂ ಒಂದೊಂದು ಸಾಲು. ಯಾವ ಕೀ, ಯಾವ ಆಜ್ಞೆ, ಯಾವಾಗ. ಈ ಮೂರನೆಯದು, ಇಂಗ್ಲಿಷಿನಲ್ಲಿ 'ವೆನ್' ಎಂದಿರುವುದು, ನನ್ನ ಮಟ್ಟಿಗೆ ಇಡೀ ಸೌಲಭ್ಯದ ಜೀವ.

ಯಾಕೆಂದರೆ ಸಂಪಾದಕದಲ್ಲಿ, ಅಂದರೆ ಕಡತ ತೆರೆದು ಬರೆಯುವ ಜಾಗದಲ್ಲಿ, ಅಕ್ಷರ ಮೂಡಿಸುವ ಆಜ್ಞೆ 'ಟೈಪ್'. ಅದು ಟರ್ಮಿನಲ್‌ಗೆ ಉಪಯೋಗವಿಲ್ಲ. ಅಲ್ಲಿಗೆ 'ಸೆಂಡ್‌ಸೀಕ್ವೆನ್ಸ್' ಎಂಬ ಬೇರೆ ಆಜ್ಞೆ. ಹಾಗಾಗಿ ಆಲ್ಟ್+ಕೆ ಕೀಗೆ ಎರಡು ನಿಯಮ ಬರೆದೆ. ಕರ್ಸರ್ ಸಂಪಾದಕದಲ್ಲಿದ್ದರೆ ಬ್ಯಾಕ್‌ಟಿಕ್ ಬರೆ, ಟರ್ಮಿನಲ್‌ನಲ್ಲಿದ್ದರೆ ಟಿಲ್ಡೆ ಕಳಿಸು. ನನಗೆ ಸಂಪಾದಕದಲ್ಲಿ ಬೇಕಾಗುವುದು ಹೆಚ್ಚಾಗಿ ಮೊದಲನೆಯದು, ಟರ್ಮಿನಲ್‌ನಲ್ಲಿ ಎರಡನೆಯದು. ಒಂದೇ ಬೆರಳು, ಒಂದೇ ಜಾಗ, ಕಣ್ಣು ಎಲ್ಲಿದೆಯೋ ಅದಕ್ಕೆ ತಕ್ಕ ಅಕ್ಷರ. ಕಂಪನಿ ಕೊಟ್ಟ ಕೀ ಬದುಕಿದ್ದಾಗಲೂ ಇಷ್ಟು ಬುದ್ಧಿ ತೋರಿಸಿರಲಿಲ್ಲ.

ರುಚಿ ಹತ್ತಿತು. ಎಫ್7 ಒತ್ತಿದರೆ ಪೈಥಾನ್ ಕಡತವಾದರೆ ಓಡಬೇಕು, ಸರಳ ಚಿಹ್ನೆಗಳಿಂದ ಬರಹ ಜೋಡಿಸುವ ಮಾರ್ಕ್‌ಡೌನ್ ಆದರೆ ಮುನ್ನೋಟ ಕಾಣಬೇಕು ಎಂದು ಬರೆದೆ. ಲಿನಕ್ಸ್‌ನಲ್ಲಿ ಕಡತ ಮುಚ್ಚುವ ಕಂಟ್ರೋಲ್+ಡಬ್ಲ್ಯೂ ಪಕ್ಕದಲ್ಲೇ ಇಡೀ ತಂತ್ರಾಂಶವನ್ನು ಮುಚ್ಚುವ ಕಂಟ್ರೋಲ್+ಕ್ಯೂ ಇದೆ. ಆಜ್ಞೆಯ ಹೆಸರಿನ ಆರಂಭದಲ್ಲಿ ಒಂದು ಕಳೆಯುವ ಚಿಹ್ನೆ ಹಾಕಿ ಅದನ್ನು ಕಿತ್ತುಹಾಕಿದೆ. ಈ ಒಂದು ಸಾಲನ್ನು ಯಾರಿಗೆ ಬೇಕಾದರೂ ಶಿಫಾರಸು ಮಾಡುತ್ತೇನೆ. ಎರಡು ವಾರದಲ್ಲಿ ಕಡತ ಮೂವತ್ತನಾಲ್ಕು ನಿಯಮಕ್ಕೆ ಬೆಳೆಯಿತು. ಆಗ ಬಿತ್ತು ಏಟು.

ಲಿನಕ್ಸ್‌ನ ಟರ್ಮಿನಲ್‌ನಲ್ಲಿ ಕಂಟ್ರೋಲ್+ಕೆ ಒತ್ತಿದರೆ ಕರ್ಸರ್‌ನಿಂದ ಸಾಲಿನ ಕೊನೆಯವರೆಗೆ ಅಳಿಸಿಹೋಗುತ್ತದೆ. ಅಲ್ಲಿ ಆಜ್ಞೆಗಳನ್ನು ನಡೆಸುವ ಬ್ಯಾಶ್ ಬಳಸಿದವರ ಕೈಗೆ ಅದು ಊಟದಷ್ಟೇ ರೂಢಿ. ಸಂಪಾದಕದಲ್ಲೂ ಹಾಗೆಯೇ ಇರಲಿ ಎಂದು ಒಂದು ನಿಯಮ ಸೇರಿಸಿದೆ. ವಿಎಸ್ ಕೋಡ್ ನಿಯಮಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತದೆ, ಮೊದಲು ಹೊಂದಿಕೆಯಾದದ್ದೇ ಗೆಲ್ಲುತ್ತದೆ. ನಮ್ಮ ನಿಯಮಗಳು ಮೂಲ ಪಟ್ಟಿಯ ಕೆಳಗೆ ಸೇರುವುದರಿಂದ ಗೆಲ್ಲುವುದು ನಾವೇ. ಅಂದರೆ ಕಂಟ್ರೋಲ್+ಕೆಯಿಂದ ಶುರುವಾಗುವ ಜೋಡಿ ಶಾರ್ಟ್‌ಕಟ್‌ಗಳೆಲ್ಲ ಸಂಪಾದಕದಲ್ಲಿ ಒಂದೇ ಏಟಿಗೆ ಮಣ್ಣುಪಾಲು. ಶಾರ್ಟ್‌ಕಟ್ ಪುಟ ತೆರೆಯುವ ಜೋಡಿಯೂ ಅವುಗಳಲ್ಲೊಂದು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮರುದಿನ ಆ ಪುಟ ಬೇಕಾಗಿ, ಅಭ್ಯಾಸಬಲದಿಂದ ಕಂಟ್ರೋಲ್+ಕೆ, ಕಂಟ್ರೋಲ್+ಎಸ್ ಒತ್ತಿದೆ. ಪುಟ ಬರಲಿಲ್ಲ. ಬೆರಳು ತಪ್ಪಿತೇನೋ ಎಂದುಕೊಂಡು ಎಡ ಕೆಳಮೂಲೆಯ ಹಲ್ಲುಚಕ್ರದ ಚಿತ್ರ ಒತ್ತಿ ಮೆನುವಿನಿಂದ ತೆರೆದುಕೊಂಡೆ. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಒಟ್ಟು ಮೊತ್ತ ಎಂದರೆ ಶುಲ್ಕ ಕೂಡಿಸು ದಂಡ ಎಂಬ ಲೆಕ್ಕದ ಸಾಲಿನಲ್ಲಿ ಕರ್ಸರ್ 'ಶುಲ್ಕ'ದ ಬೆನ್ನಿಗೇ ನಿಂತಿತ್ತು. ಮೊದಲ ಜೋಡಿ ಕೀ 'ಕೂಡಿಸು ದಂಡ'ವನ್ನು ಅಳಿಸಿತು. ಎರಡನೆಯದು ಕಡತವನ್ನು ಜೋಪಾನವಾಗಿ ಉಳಿಸಿತು. ಸಾಲಿನ ಕೊನೆಯ ಅರ್ಧವಿರಾಮ ಹೋದರೂ ಜಾವಾಸ್ಕ್ರಿಪ್ಟ್ ತಕರಾರು ಮಾಡುವುದಿಲ್ಲ. ಕಚೇರಿಯಲ್ಲಿ ಪರೀಕ್ಷೆಗೆ ಕುಳಿತ ಹೊಸ ಹುಡುಗ ಮಧ್ಯಾಹ್ನ ಬಂದು, "ಮೇಡಂ, ಯಾವ ಮಗುವಿಗೂ ದಂಡ ಬರುತ್ತಿಲ್ಲವಲ್ಲ, ಮನ್ನಾ ಮಾಡಿದ್ದೀರಾ?" ಎಂದು ಕೇಳಿದ. ಪುಣ್ಯಕ್ಕೆ ಶಾಲೆಯವರೆಗೆ ಹೋಗಿರಲಿಲ್ಲ.

ತಪ್ಪು ನನ್ನದೇ. ಪಟ್ಟಿಯ ಹುಡುಕುವ ಪೆಟ್ಟಿಗೆಯಲ್ಲಿ ಕೀಗಳನ್ನೇ ಒತ್ತಿ ದಾಖಲಿಸುವ ಗುಂಡಿ ಇದೆ. ಕಂಟ್ರೋಲ್+ಕೆ ಅಂತ ಒಮ್ಮೆ ಒತ್ತಿ ನೋಡಿದ್ದರೆ ಅದನ್ನು ಹಂಚಿಕೊಂಡವರ ದಂಡೇ ಕಾಣುತ್ತಿತ್ತು. ಒತ್ತಿದ ಕೀ ಯಾವ ನಿಯಮಕ್ಕೆ ಹೋಗಿ ಸೇರಿತೆಂದು ಸಾಲುಸಾಲಾಗಿ ಬರೆದು ತೋರಿಸುವ ತನಿಖೆಯ ಸೌಲಭ್ಯವೂ ಉಂಟು. ಕಂಟ್ರೋಲ್+ಶಿಫ್ಟ್+ಪಿ ಒತ್ತಿ 'ಟ್ರಬಲ್‌ಶೂಟಿಂಗ್' ಎಂದು ಹುಡುಕಿದರೆ ಸಿಗುತ್ತದೆ. ಇಷ್ಟು ಒಳ್ಳೆಯದನ್ನು ಅಷ್ಟು ಒಳಗೆ ಬಚ್ಚಿಟ್ಟದ್ದಕ್ಕೆ ಒಂದು ಅಂಕ ಕಳೆಯುತ್ತೇನೆ. ಐದಕ್ಕೆ ನಾಲ್ಕು.

ಕನ್ನಡದಲ್ಲಿ ಬರೆಯುವವರಿಗೆ ಎರಡು ಮಾತು. ನಾನು ಲಿಪಿ ಬದಲಿಸಲು ಬಳಸುವ ತಂತ್ರಾಂಶಕ್ಕೂ, ಬರೆಯುವಾಗ ಮುಂದಿನ ಪದ ಸೂಚಿಸುವ ವಿಎಸ್ ಕೋಡ್‌ನ ಸಲಹೆಪಟ್ಟಿಗೂ ಕಂಟ್ರೋಲ್+ಸ್ಪೇಸ್ ಕೀಯೇ ಬೇಕು. ಸಲಹೆಪಟ್ಟಿಯನ್ನು ಬೇರೆ ಕೀಗೆ ಸರಿಸಿ ಜಗಳ ಬಿಡಿಸಿದೆ. ಇನ್ನೊಂದು, ಜೆ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುವ ಕೀ ಕನ್ನಡ ಕೀಬೋರ್ಡ್‌ನ ಕೆಜಿಪಿ ವಿನ್ಯಾಸದಲ್ಲಿ ಜ, ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ರ. ವಿನ್ಯಾಸ ಯಾವುದಾದರೂ ಕೀಯ ಜಾಗ ಮಾತ್ರ ಲೆಕ್ಕಕ್ಕೆ ಬರಬೇಕೆಂದರೆ ನಿಯಮದಲ್ಲಿ ಅಕ್ಷರದ ಬದಲು ಚೌಕ ಕಂಸದೊಳಗೆ 'ಕೀಜೆ' ಎಂದು, ಇಂಗ್ಲಿಷಿನಲ್ಲೇ, ಬರೆಯಬಹುದು. ಹೆತ್ತವರಿಗೆ ಕಳಿಸುವ ಸಂದೇಶಗಳನ್ನೆಲ್ಲ ನಾನು ಕನ್ನಡದಲ್ಲೇ ಬರೆಯುವುದರಿಂದ ಈಗ ನನ್ನ ನಿಯಮಗಳೆಲ್ಲ ಹಾಗೆಯೇ ಇವೆ.

ದಂಡದ ಪ್ರಕರಣದ ನಂತರ ಕಡತವನ್ನು ಕಳೆ ಕಿತ್ತ ಹಾಗೆ ಕಿತ್ತೆ. ಮೂವತ್ತನಾಲ್ಕರಲ್ಲಿ ಹನ್ನೊಂದು ಉಳಿದಿವೆ. ಆ ಕಡತದಲ್ಲಿ ಟಿಪ್ಪಣಿ ಬರೆಯಲು ಅವಕಾಶವಿದೆ, ಹಾಗಾಗಿ ಪ್ರತಿ ನಿಯಮದ ಮೇಲೂ ಯಾಕೆ ಬರೆದೆ ಎಂದು ಕನ್ನಡದಲ್ಲಿ ಒಂದು ಸಾಲು ಇದೆ. ಆಲ್ಟ್+ಕೆ ಮೇಲಿರುವುದು: 'ಚಹಾ'.

ಒಂದು ಕಡೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಕರ್ಸರ್ ಇದ್ದಾಗ ನನ್ನ ನಿಯಮಕ್ಕೆ ಅದು ಸಂಪಾದಕವೂ ಅಲ್ಲ, ಟರ್ಮಿನಲ್ಲೂ ಅಲ್ಲ. ಅಲ್ಲಿ ಬ್ಯಾಕ್‌ಟಿಕ್ ಬೇಕಾದರೆ ಕಡತದಲ್ಲಿ ಒಂದನ್ನು ಮೂಡಿಸಿ, ಕತ್ತರಿಸಿ ತಂದು ಅಂಟಿಸುತ್ತೇನೆ. ವಾರಕ್ಕೆ ಎರಡು ಮೂರು ಸಲ. ಆಗೆಲ್ಲ ಎಸ್.ಪಿ. ರಸ್ತೆಯ ಹುಡುಗ ನೆನಪಾಗುತ್ತಾನೆ, ಎರಡೂವರೆ ಸಾವಿರವೂ ನೆನಪಾಗುತ್ತದೆ, ಮತ್ತೆ ಕತ್ತರಿಸಿ ಅಂಟಿಸುತ್ತೇನೆ.