ಮೂರು ಮನೆಗಳ ಬಾಗಿಲು, ಕಿಟಕಿ, ಬೀಗ: ಪುಣೆಯಲ್ಲಿ ನಾವು ಬಳಸಿ ನೋಡಿದ್ದು

ಬೀಗ ಮುರಿದಿರಲಿಲ್ಲ. 2016ರ ದೀಪಾವಳಿ ಮುಗಿಸಿಕೊಂಡು ಬಾಗಲಕೋಟೆಯಿಂದ ರಾತ್ರಿ ಬಸ್ಸಿನಲ್ಲಿ ಬಂದು, ಬೆಳಗಿನ ಜಾವ ಸ್ವಾರಗೇಟಿನಲ್ಲಿ ಇಳಿದು, ವಾರಜೆಯ ಬಾಡಿಗೆ ಮನೆಯ ಮುಂದೆ ನಿಂತಾಗ ಆ ಹಿತ್ತಾಳೆ ಬೀಗ ನಾವು ಹಾಕಿ ಹೋದ ಹಾಗೆಯೇ ಇತ್ತು. ಅದು ಕಚ್ಚಿಕೊಂಡಿದ್ದ ಕೊಂಡಿ ಮಾತ್ರ ಚೌಕಟ್ಟಿನಿಂದ ಕಿತ್ತು ಬಂದು, ನಾಲ್ಕು ಸ್ಕ್ರೂಗಳ ಸಮೇತ ಕದಕ್ಕೆ ಜೋತುಬಿದ್ದಿತ್ತು. ಸ್ಕ್ರೂ ಒಂದೊಂದೂ ಮುಕ್ಕಾಲು ಇಂಚು ಉದ್ದ. ಅತ್ತೆಯವರ ಎರಡೆಳೆ ಸರ ಹೋಗಿತ್ತು. ಅದು ಅವರ ತಾಯಿ ಕೊಟ್ಟದ್ದು.

ಧಾಯರಿಯಲ್ಲಿ ಕೊಂಡಿದ್ದ ಜಾಗದಲ್ಲಿ ಮನೆ ಕಟ್ಟಲು ಹೊರಟಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಆ ಮುಕ್ಕಾಲು ಇಂಚಿನ ಸ್ಕ್ರೂ. 2021ರ ಜನವರಿಯಲ್ಲಿ ಗೃಹಪ್ರವೇಶವಾಯಿತು. ಅದಕ್ಕೂ ಮೊದಲು ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ, ಅಂದರೆ ಅಂಗಳವಿರುವ ಹಳೆಗಾಲದ ದೊಡ್ಡ ಮನೆಯಲ್ಲಿ, ಎರಡು ಕೋಣೆ ಹಿಡಿದು ಎಂಟು ವರ್ಷ ಇದ್ದೆವು, ಆಮೇಲೆ ವಾರಜೆಯಲ್ಲಿ. ಹೀಗೆ ಮೂರು ಬಗೆಯ ಬಾಗಿಲು, ಮೂರು ಬಗೆಯ ಕಿಟಕಿ ನಮ್ಮ ಕೈಯಲ್ಲಿ ಆಡಿವೆ. ಮನೆ ಕಟ್ಟಿಸುತ್ತಿರುವ ನಮ್ಮ ಕಡೆಯ ಜನ ಅನೇಕರು ಕೇಳುತ್ತಾರೆಂದು, ಯಾವುದು ಹೇಗೆ ನಡೆಯಿತೆಂದು ಬರೆಯುತ್ತಿದ್ದೇನೆ.

ಮೊದಲು ಮುಂಬಾಗಿಲಿನ ಬೀಗ. ಹೊರಗಿನಿಂದ ತೂಗುಬಿಡುವ ಬೀಗವನ್ನು ನಾನು ಯಾರಿಗೂ ಹೇಳುವುದಿಲ್ಲ. ಅದು ಗಟ್ಟಿಯೇ ಇರಬಹುದು, ಆದರೆ ಮನೆಯಲ್ಲಿ ಯಾರೂ ಇಲ್ಲವೆಂಬ ಸುದ್ದಿಯನ್ನು ಬೀದಿಗೆಲ್ಲ ತಿಳಿಸುತ್ತದೆ. ಕದದ ದಪ್ಪದೊಳಗೆ ಕೂರುವ ಬೀಗ ಹಾಗಲ್ಲ, ಒಳಗೆ ಜನ ಇದ್ದರೂ ಇಲ್ಲದಿದ್ದರೂ ಹೊರಗಿನಿಂದ ಒಂದೇ ರೀತಿ ಕಾಣುತ್ತದೆ. ಉಳಿದ ಪ್ರಶ್ನೆ: ಕೀಲಿಕೈಯಿಂದ ತೆರೆಯುವುದೋ, ಬೆರಳಚ್ಚು ಮತ್ತು ಅಂಕಿಗಳಿಂದ ತೆರೆಯುವ ಡಿಜಿಟಲ್ ಬೀಗವೋ? ಈ ವಿಷಯದಲ್ಲಿ ನಮ್ಮವರಿಗೂ ನನಗೂ ಒಮ್ಮತ ಬರಲಿಲ್ಲ. ಕೊನೆಗೆ ಕೆಳಗಿನ ತಲೆಬಾಗಿಲಿಗೆ ಕೀಲಿಕೈಯ ಬೀಗ, ಹೊರಗಿನ ಮೆಟ್ಟಿಲೇರಿ ಹೋಗುವ ಮೇಲಿನ ಬಾಗಿಲಿಗೆ ಡಿಜಿಟಲ್ ಬೀಗ ಎಂದು ತೀರ್ಮಾನಿಸಿದೆವು. ಒಂದಕ್ಕೆ 3,800 ರೂಪಾಯಿ, ಇನ್ನೊಂದಕ್ಕೆ 14,000. ಎರಡನ್ನೂ ಪ್ರತಿದಿನ ಬಳಸಿದ್ದೇವೆ.

ಡಿಜಿಟಲ್ ಬೀಗದ ಒಳ್ಳೆಯ ಗುಣಗಳನ್ನು ಮೊದಲು ಹೇಳಬೇಕು. ಮಕ್ಕಳು ಶಾಲೆಯಿಂದ ಬಂದರೆ ಕೀಲಿಕೈಗಾಗಿ ಪಕ್ಕದ ಮನೆಯ ಬಾಗಿಲು ತಟ್ಟಬೇಕಿಲ್ಲ. ಮೇಲಿನ ಕೋಣೆಗಳನ್ನು ಗುಡಿಸುವ ಕೆಲಸದವರಿಗೆ ಬೇರೆಯದೇ ಅಂಕಿ ಕೊಟ್ಟಿದ್ದೆವು, ಅವರು ಕೆಲಸ ಬಿಟ್ಟ ದಿನ ಅದನ್ನು ಅಳಿಸಿಬಿಟ್ಟರೆ ಆಯಿತು. ಕೀಲಿಕೈಯಾಗಿದ್ದರೆ ಅದರ ನಕಲು ಎಲ್ಲೆಲ್ಲಿದೆ ಎಂಬ ಚಿಂತೆ ಉಳಿಯುತ್ತಿತ್ತು. ನಾಲ್ಕು ಸಣ್ಣ ಸೆಲ್‌ಗಳು ಸುಮಾರು ಎಂಟು ತಿಂಗಳು ಬರುತ್ತವೆ. ಸೆಲ್ ಪೂರ್ತಿ ಸತ್ತರೂ ಬೀಗದ ಕೆಳಗಿನ ಎರಡು ಲೋಹದ ಚುಕ್ಕೆಗಳಿಗೆ 9 ವೋಲ್ಟಿನ ಬ್ಯಾಟರಿಯನ್ನು ಒತ್ತಿ ಹಿಡಿದು ಅಂಕಿ ಒತ್ತಿದರೆ ತೆರೆಯುತ್ತದೆ. ಆ ಬ್ಯಾಟರಿಯನ್ನು ಮನೆಯೊಳಗೆ ಇಟ್ಟರೆ ಪ್ರಯೋಜನವಿಲ್ಲ. ನಾವು ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟಿದ್ದೇವೆ.

ಆದರೆ ಅತ್ತೆಯವರ ಬೆರಳನ್ನು ಅದು ಓದಲೇ ಇಲ್ಲ. ಐವತ್ತು ವರ್ಷ ಜೋಳದ ರೊಟ್ಟಿ ಬಡಿದ ಬೆರಳುಗಳು ಅವರವು. ತುದಿಗಳು ನುಣುಪಾಗಿ ಹೊಳೆಯುತ್ತವೆ, ಗೆರೆಗಳು ಸವೆದುಹೋಗಿವೆ. ಹೆಬ್ಬೆರಳು ಇಟ್ಟರೆ ಕೆಂಪು ದೀಪ, ಒರೆಸಿಕೊಂಡು ಮತ್ತೆ ಇಟ್ಟರೆ ಮತ್ತೆ ಕೆಂಪು. ತೋರುಬೆರಳು, ಕಿರುಬೆರಳು, ಎಡಗೈ, ಎಲ್ಲವನ್ನೂ ದಾಖಲಿಸಿ ನೋಡಿದೆವು. ಅಂಕಿಗಳನ್ನು ಬಾಯಿಪಾಠ ಮಾಡಿಸಿದೆವು, ಆದರೆ ಸಂಜೆಯ ಮಬ್ಬಿನಲ್ಲಿ ಕನ್ನಡಕವಿಲ್ಲದೆ ಅವರಿಗೆ ಗುಂಡಿಗಳು ಕಾಣುತ್ತಿರಲಿಲ್ಲ. ಒಂದು ಸಂಜೆ ಸೊಪ್ಪಿನ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದರು. "ಈ ಮನೆಗೆ ನನ್ನ ಗುರುತು ಹತ್ತುತ್ತಿಲ್ಲವಮ್ಮ" ಎಂದರು. ಆ ಮಾತು ನನಗೆ ನಾಟಿತು. ಮನೆಯವರಲ್ಲಿ ಒಬ್ಬರನ್ನಾದರೂ ಹೊರಗೆ ನಿಲ್ಲಿಸುವ ಬೀಗ ತಲೆಬಾಗಿಲಿಗೆ ಬೇಡ. ಅದು ಎಷ್ಟೇ ಜಾಣ ಬೀಗವಾಗಿದ್ದರೂ ನನ್ನ ತೀರ್ಪು ಇದೇ.

ಮಳೆಗಾಲದಲ್ಲಿ ಎರಡು ಬೀಗಗಳಿಗೂ ಒಂದೇ ತೊಂದರೆ ಬಂತು. ಜುಲೈ ಹೊತ್ತಿಗೆ ಸಾಗವಾನಿ ಕದ ನೀರು ಕುಡಿದು ಉಬ್ಬುತ್ತದೆ, ಬೀಗದ ನಾಲಿಗೆ ಚೌಕಟ್ಟಿನ ತೂತಿಗೆ ಸರಿಯಾಗಿ ಕೂರುವುದಿಲ್ಲ. ಕೀಲಿಕೈಯ ಬೀಗವಾದರೆ ಮೊಣಕಾಲು ಕೊಟ್ಟು ಕದವನ್ನು ಒತ್ತಿ ಹಿಡಿದು ತಿರುಗಿಸಬಹುದು. ಡಿಜಿಟಲ್ ಬೀಗದ ಮೋಟಾರು ಮಾತ್ರ ಗುರ್ರೆನ್ನುತ್ತ ಸೋತು ನಿಲ್ಲುತ್ತಿತ್ತು. ಆಗಲೇ ಕದವನ್ನು ಹೆರೆಸಿಬಿಡೋಣ ಎಂದು ನಮ್ಮವರು ಹೊರಟಾಗ ಬಡಿಗೇರರು ತಡೆದರು. ಜುಲೈನಲ್ಲಿ ಹೆರೆದರೆ ಮಾರ್ಚಿನಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ, ಆ ಸಂದಿಯಲ್ಲಿ ಯಾರಾದರೂ ಕಬ್ಬಿಣದ ಪಟ್ಟಿ ತೂರಿಸಿ ಮೀಟಬಹುದು. ಕದದ ಅಂಚಿಗೆ ಮೇಣದಬತ್ತಿ ಉಜ್ಜಿ, ಮೇ ತಿಂಗಳಲ್ಲಿ ಕದದ ತಲೆ ಮತ್ತು ಬುಡದ ಅಂಚುಗಳಿಗೂ ಬಣ್ಣ ಹೊಡೆಸಿದೆವು. ಆ ಎರಡು ಅಂಚುಗಳನ್ನು ಎಲ್ಲರೂ ಮರೆಯುತ್ತಾರೆ, ನೀರು ಕುಡಿಯುವುದು ಅಲ್ಲಿಂದಲೇ.

ಬೀಗಕ್ಕಿಂತ ಅದು ಕೂರುವ ಜಾಗ ಮುಖ್ಯವೆಂದು ವಾರಜೆಯ ಮನೆ ಕಲಿಸಿತ್ತು. ಯಾದಗಿರಿ ಕಡೆಯ ಗೌಂಡಿಯೊಬ್ಬರು ನಮ್ಮ ಕೆಲಸದ ಮೇಲಿದ್ದರು. ಪುಣೆಯಲ್ಲಿ ಇಟ್ಟಿಗೆ, ಗಾರೆ, ಕಾಂಕ್ರೀಟಿನ ಕೆಲಸ ನಡೆಯುವ ಎಷ್ಟೋ ಕಡೆ ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಮಾತು ಕಿವಿಗೆ ಬೀಳುತ್ತದೆ. "ಅಕ್ಕಾ, ಬೀಗಕ್ಕೆ ನಾಲ್ಕು ಸಾವಿರ ಹಾಕುತ್ತೀರಿ, ಚೌಕಟ್ಟಿನ ಹಿಡಿಗೆ ನಾನೂರು ಹಾಕಿ" ಎಂದು ಅವರು ಹೇಳಿ, ಚೌಕಟ್ಟಿನ ಒಂದೊಂದು ಪಕ್ಕಕ್ಕೆ ಮೂರು ಕಬ್ಬಿಣದ ಹಿಡಿಗಳನ್ನು ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಹೂಳಿದರು. ಬೀಗದ ನಾಲಿಗೆ ಹೋಗುವ ಲೋಹದ ಪಟ್ಟಿಗೆ ಮೂರು ಇಂಚಿನ ಸ್ಕ್ರೂ ಹಾಕಿಸಿದೆ. ಮುಕ್ಕಾಲು ಇಂಚಿನದು ಬರೀ ಮರದ ಮೇಲ್ಪದರವನ್ನು ಹಿಡಿಯುತ್ತದೆ, ಮೂರು ಇಂಚಿನದು ಚೌಕಟ್ಟನ್ನೇ ದಾಟಿ ಗೋಡೆಯವರೆಗೆ ಹೋಗುತ್ತದೆ. ಹೊರಗಿನ ಜಾಲರಿ ಬಾಗಿಲು ಆಚೆಗೆ ತೆರೆದುಕೊಳ್ಳುವುದರಿಂದ ಅದರ ಬಿಜಾಗರಿಗಳ ಕಡ್ಡಿ ಹೊರಗೆ ಕಾಣುತ್ತದೆ. ಆ ಕಡ್ಡಿಯನ್ನು ಬಡಿದು ತೆಗೆದರೆ ಬೀಗದ ಗೊಡವೆಯಿಲ್ಲದೆ ಕದವೇ ಕಳಚುತ್ತದೆ. ಕಡ್ಡಿಯ ಎರಡೂ ತುದಿಗಳನ್ನು ಬೆಸುಗೆ ಹಾಕಿಸಿದೆವು.

ವಾಡೆಯಿಂದ ನಾವು ತಂದುಕೊಂಡದ್ದು ಎರಡು ವಸ್ತು. ಒಂದು ಅಗಳಿ. ಸದಾಶಿವ ಪೇಠೆಯ ಆ ಬಾಗಿಲಿನ ಹಿಂದೆ ಗೋಡೆಯೊಳಗಿನಿಂದ ಸರಿದು ಬರುವ ತೋಳಿನ ಗಾತ್ರದ ಮರದ ತೊಲೆ ಇತ್ತು. ರಾತ್ರಿ ಹತ್ತಕ್ಕೆ ಅದು ಜರುಗುವ ಸದ್ದು ಕೇಳಿದ ಮೇಲೆಯೇ ಅತ್ತೆಯವರು ಹಾಸಿಗೆ ಸೇರುತ್ತಿದ್ದರು. ಬಾಗಲಕೋಟೆಯ ಮನೆಯಲ್ಲೂ ಅಂಥದೇ ಇತ್ತಂತೆ. ಹೊಸ ಮನೆಯಲ್ಲಿ ಗೋಡೆಯೊಳಗೆ ಪೊಳ್ಳು ಬಿಡಲಾಗಲಿಲ್ಲ, ಎರಡು ಕಡೆ ಕೊಕ್ಕೆ ಕೂರಿಸಿ ಕಬ್ಬಿಣದ ಪೈಪನ್ನು ಅಡ್ಡ ಇಡುವ ವ್ಯವಸ್ಥೆ ಮಾಡಿಸಿದೆವು. ಖರ್ಚು 900 ರೂಪಾಯಿ. ಕೀಲಿಕೈ ಬೇಡ, ಕರೆಂಟು ಬೇಡ, ಒಂಬತ್ತು ವರ್ಷದ ಮಗ ಕತ್ತಲಲ್ಲೂ ಒಂದೇ ಕೈಯಲ್ಲಿ ಎತ್ತುತ್ತಾನೆ. ನಾವು ಮನೆಯಲ್ಲಿ ಮಲಗಿರುವಾಗಿನ ರಕ್ಷಣೆಗೆ ಇದಕ್ಕೆ ಸಾಟಿಯಾದದ್ದನ್ನು ನಾನು ಕಂಡಿಲ್ಲ.

ಇನ್ನೊಂದು ದಿಂಡಿ ಬಾಗಿಲು, ಅಂದರೆ ದೊಡ್ಡ ಕದದೊಳಗಿನ ಚಿಕ್ಕ ಕದ. 1732ರಲ್ಲಿ ಕಟ್ಟಿದ ಪೇಶ್ವೆಗಳ ಅರಮನೆ ಶನಿವಾರವಾಡೆಯ ದಿಲ್ಲಿ ದರವಾಜೆಯನ್ನು ನೋಡಿದವರು ಆನೆಗಳನ್ನು ತಡೆಯಲು ಹೊಡೆದ ಮೊಳೆಗಳನ್ನು ಬೆರಗಿನಿಂದ ನೋಡುತ್ತಾರೆ. ಅದೇ ಕದದಲ್ಲಿ ಒಬ್ಬೊಬ್ಬರೇ ಬಗ್ಗಿ ದಾಟುವ ಚಿಕ್ಕ ಬಾಗಿಲಿದೆ, ಅದನ್ನೂ ನೋಡಬೇಕು. ವಾರಜೆಯಲ್ಲಿ ಹಾಲಿನವನು ಬಂದರೂ ಹತ್ತಡಿಯ ಗೇಟನ್ನು ಎಳೆಯಬೇಕಿತ್ತು, ಬೇಸತ್ತು ಹಗಲೆಲ್ಲ ಅದು ತೆರೆದೇ ಇರುತ್ತಿತ್ತು. ಧಾಯರಿಯಲ್ಲಿ ದೊಡ್ಡ ಗೇಟಿನೊಳಗೆ ಎರಡೂವರೆ ಅಡಿಯ ಚಿಕ್ಕ ಗೇಟು ಇಡಿಸಿದೆವು. ಕಾರು ಹೊರಡುವಾಗಷ್ಟೇ ದೊಡ್ಡದು ತೆರೆಯುತ್ತದೆ.

ಕಿಟಕಿಗಳ ವಿಷಯದಲ್ಲಿ ಜಾರುವ ಅಲ್ಯೂಮಿನಿಯಂ, ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು, ಮರದ ಕದಗಳು, ಮೂರನ್ನೂ ಬಳಸಿದ್ದೇವೆ. ವಾರಜೆಯಲ್ಲಿ ದಸರೆಯ ಸ್ವಚ್ಛತೆಯ ದಿನ ನಮ್ಮವರು ಹೊರಗೆ ನಿಂತು ಜಾರುಗಾಜನ್ನು ಎರಡೂ ಕೈಯಿಂದ ಮೇಲೆತ್ತಿ, ಬುಡವನ್ನು ತಮ್ಮ ಕಡೆ ಎಳೆದರು. ಇಡೀ ಗಾಜು ಚೌಕಟ್ಟಿನ ಸಮೇತ ಹಳಿಯಿಂದ ಕಳಚಿ ಕೈಗೆ ಬಂತು. ಒಳಗಿನ ಚಿಲಕ ಹಾಕಿಯೇ ಇತ್ತು. ಜಾರುಗಾಜು ಹಾಕಿಸುವವರು ಮೇಲಿನ ಹಳಿಯಲ್ಲಿ ಗಾಜು ಮೇಲೇಳದಂತೆ ತಡೆಯುವ ತುಂಡುಗಳಿವೆಯೇ ಎಂದು ಹೀಗೆಯೇ ಎತ್ತಿ ನೋಡಿ. ನೀರು ಹೊರಹೋಗುವ ಕಿಂಡಿಗಳು ಮಣ್ಣು ಕಟ್ಟಿದರೆ ಪಡುವಣ ಮಳೆ ಹಳಿಯಲ್ಲಿ ತುಂಬಿ ಒಳಗೂ ಇಳಿಯುತ್ತದೆ. ಯುಪಿವಿಸಿಯಲ್ಲಿ ಹಿಡಿಕೆ ತಿರುಗಿಸಿದರೆ ಎರಡು ಮೂರು ಕಡೆ ಒಟ್ಟಿಗೆ ಕಚ್ಚಿಕೊಳ್ಳುವ ಬೀಗ ಸಿಗುತ್ತದೆ, ರಸ್ತೆಯ ಸದ್ದೂ ಕಡಿಮೆ. ಮಲಗುವ ಕೋಣೆಗಳಿಗೆ ಅದನ್ನೇ ಹಾಕಿದ್ದೇವೆ. ಮರದ ಕದ ಪಡಸಾಲೆಗೆ, ಅದು ನನ್ನ ಆಸೆ.

ಕಿಟಕಿಯ ಸರಳುಗಳ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಇಲ್ಲಿ ಕಳ್ಳನ ಭಯ ಮನೆಯವರ ಪ್ರಾಣಕ್ಕೇ ಎರವಾಗಬಹುದು. ಪುಣೆ, ಮುಂಬೈಗಳ ಫ್ಲಾಟುಗಳಲ್ಲಿ ಹೊರಗೆ ಚಾಚಿದ ಪೆಟ್ಟಿಗೆಯಂಥ ಗ್ರಿಲ್ ಎಲ್ಲೆಲ್ಲೂ ಕಾಣುತ್ತದೆ. ತುಳಸಿ ಕುಂಡ, ಒಣಹಾಕಿದ ಬಟ್ಟೆ, ಹಳೆಯ ಡಬ್ಬಗಳೆಲ್ಲ ಅದರಲ್ಲಿ. ಬೆಂಕಿ ಬಿದ್ದು ಬಾಗಿಲ ಕಡೆ ಹೊಗೆ ತುಂಬಿದರೆ ಆ ಪೆಟ್ಟಿಗೆಯೇ ಪಂಜರ. ನಾವು ಸರಳುಗಳನ್ನು ಗೋಡೆಗೆ ಹೊರಗಿನಿಂದ ಸ್ಕ್ರೂ ಹಾಕಿಸಲಿಲ್ಲ, ಕಟ್ಟುವಾಗಲೇ ಗೋಡೆಯೊಳಗೆ ಹೂತೆವು: 12 ಮಿಲಿಮೀಟರಿನ ಚೌಕ ಸರಳು, ನಡುವೆ ನಾಲ್ಕು ಇಂಚು, ಎಲ್ಲವೂ ಲಂಬವಾಗಿ. ಅಡ್ಡ ಸರಳು ಮಕ್ಕಳಿಗೂ ಕಳ್ಳನಿಗೂ ಏಣಿಯಾಗುತ್ತದೆ. ಆದರೆ ಪ್ರತಿ ಮಲಗುವ ಕೋಣೆಯಲ್ಲೂ ಒಂದು ಕಿಟಕಿಯ ಗ್ರಿಲ್‌ನಲ್ಲಿ ಎರಡಡಿ ಅಗಲ, ಮೂರಡಿ ಎತ್ತರದ ಭಾಗ ಬಾಗಿಲಿನಂತೆ ತೆರೆಯುತ್ತದೆ.

ಆ ಗ್ರಿಲ್ ಬಾಗಿಲಿಗೆ ಮೊದಮೊದಲು ಬೀಗ ಹಾಕಿ ಕೀಲಿಕೈಯನ್ನು ಕಪಾಟಿನ ಡ್ರಾಯರಿನಲ್ಲಿ ಇಟ್ಟಿದ್ದೆವು. ಒಂದು ರಾತ್ರಿ ದೀಪ ಆರಿಸಿ, ಹದಿಮೂರರ ಮಗಳಿಗೆ ತೆರೆಯಲು ಹೇಳಿದೆ. ಡ್ರಾಯರಿನಲ್ಲಿ ತಡಕಾಡಿ, ಸರಿಯಾದ ಕೀಲಿಕೈ ಹುಡುಕಿ ತೆರೆಯುವಷ್ಟರಲ್ಲಿ ಮೂರು ನಿಮಿಷ ದಾಟಿತ್ತು. ಮರುದಿನ ಕೀಲಿಕೈಯನ್ನು ಮಂಚದ ಪಕ್ಕದ ಗೋಡೆಯಲ್ಲಿ, ಕಿಟಕಿಯಿಂದ ಕೈ ಚಾಚಿದರೂ ಸಿಗದಷ್ಟು ದೂರದಲ್ಲಿ, ನೆಲದಿಂದ ಎರಡಡಿ ಎತ್ತರದ ಮೊಳೆಗೆ ತೂಗುಹಾಕಿದೆವು. ಹೊಗೆ ಮೇಲೇರುತ್ತದೆ, ತೆವಳುವವರ ಕೈ ಕೆಳಗೆ ಹುಡುಕುತ್ತದೆ. ಅರ್ಧ ನಿಮಿಷದಲ್ಲಿ ತೆರೆದಳು. ಪ್ರತಿ ಮಳೆಗಾಲದ ಮೊದಲು ಎಣ್ಣೆ ಬಿಟ್ಟು ಹೀಗೆ ತೆರೆಸಿ ನೋಡುತ್ತೇನೆ.

ಕಾಂಪೌಂಡ್ ಗೋಡೆ ಬೇಗ ಮುಗಿಯುವ ಮಾತು. ವಾರಜೆಯದು ಏಳಡಿ ಎತ್ತರ, ಗಾಜು ಚುಚ್ಚಿದ ಗೋಡೆ. ಅದನ್ನು ಒಮ್ಮೆ ದಾಟಿದ ಕಳ್ಳನಿಗೆ ಆ ಗೋಡೆಯೇ ಮರೆಯಾಯಿತು, ಕೊಂಡಿ ಕೀಳುವ ತನಕ ಬೀದಿಯಲ್ಲಿ ಯಾರಿಗೂ ಕಾಣಲಿಲ್ಲ. ಈಗ ಮುಂದೆ ಮೂರೂವರೆ ಅಡಿ ಗೋಡೆ, ಮೇಲೆ ಸರಳು. ಹಿಂದೆ ಮಾತ್ರ ಎತ್ತರ. ಎದುರು ಮನೆಯ ಅಜ್ಜಿ ಹಗಲೆಲ್ಲ ಕಟ್ಟೆಯ ಮೇಲೆ ಕುಳಿತಿರುತ್ತಾರೆ, ನಮ್ಮ ತಲೆಬಾಗಿಲು ಅವರಿಗೆ ನೇರ ಕಾಣುತ್ತದೆ. ಅಪರಿಚಿತರು ನಿಂತರೆ ಯಾರು ಬೇಕೆಂದು ಅಲ್ಲಿಂದಲೇ ಕೇಳುತ್ತಾರೆ.

ಕ್ಯಾಮೆರಾಗಳಲ್ಲಿ ಮೊದಲ ವರ್ಷ ವೈಫೈ, ಆಮೇಲೆ ತಂತಿಯವು. ವೈಫೈಯದು ಅಗ್ಗ, ಹಾಕುವುದು ಸುಲಭ. ಆದರೆ ದುರಸ್ತಿಗೆಂದು ಗುರುವಾರ ಕರೆಂಟು ಹೋದಾಗ ರೂಟರಿನೊಂದಿಗೆ ಅದೂ ಕಣ್ಣು ಮುಚ್ಚುತ್ತಿತ್ತು. ದಾಖಲೆಯ ಕಾರ್ಡು ಕ್ಯಾಮೆರಾದೊಳಗೇ ಇದ್ದುದರಿಂದ, ಕ್ಯಾಮೆರಾ ಕಿತ್ತುಕೊಂಡು ಹೋದವನೇ ಸಾಕ್ಷಿಯನ್ನೂ ಒಯ್ಯುತ್ತಾನೆ. ತಂತಿಯದು ಇನ್ವರ್ಟರಿನ ಮೇಲೆ ನಡೆಯುತ್ತದೆ, ದಾಖಲೆಯ ಪೆಟ್ಟಿಗೆ ಮನೆಯೊಳಗೆ ಬೀಗ ಹಾಕಿದ ಕಪಾಟಿನಲ್ಲಿದೆ. ಗಾರೆಗೆ ಮುಂಚೆ ಪೈಪು ಹಾಕಿಸಿರದ ಕಾರಣ ಹೊಸ ಗೋಡೆಯನ್ನು ಮತ್ತೆ ಕೊರೆಯಬೇಕಾಯಿತು. ಕ್ಯಾಮೆರಾ ಈಗ ಬೇಡವೆನ್ನುವವರೂ ಪೈಪುಗಳನ್ನು ಮಾತ್ರ ಹಾಕಿಸಿಡಿ. ಹನ್ನೆರಡು ಅಡಿ ಎತ್ತರದಲ್ಲಿದ್ದಾಗ ಬರೀ ಟೋಪಿಗಳು ಕಂಡವು. ಎಂಟೂವರೆಗೆ ಇಳಿಸಿದ ಮೇಲೆ ಮುಖ ಕಾಣುತ್ತಿದೆ. ಎರಡೂ ಬಗೆಗಳಿಗೆ ರಾತ್ರಿಯ ಶತ್ರು ಜೇಡ: ಬಲೆಯ ಒಂದೇ ಎಳೆ ಕ್ಯಾಮೆರಾದ ಸ್ವಂತ ಬೆಳಕಿಗೆ ಹೊಳೆದು ಇಡೀ ಚಿತ್ರವನ್ನು ಬಿಳಿಚಿಸುತ್ತದೆ. ವಾರಕ್ಕೊಮ್ಮೆ ಪೊರಕೆ ಆಡಿಸಲೇಬೇಕು.

ದೀಪಗಳಲ್ಲಿ, ಚಲನೆಗೆ ಹೊತ್ತಿಕೊಳ್ಳುವುದನ್ನು ಹಿತ್ತಲಿಗೆ, ಇಡೀ ರಾತ್ರಿ ಉರಿಯುವುದನ್ನು ಮುಂದಕ್ಕೆ ಇಟ್ಟಿದ್ದೇವೆ. 9 ವಾಟಿನ ಎಲ್‌ಇಡಿ ಹನ್ನೆರಡು ಗಂಟೆ ಉರಿದರೂ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ.

ಮೇಲಿನ ಡಿಜಿಟಲ್ ಬೀಗವನ್ನು ತೆಗೆದಿಲ್ಲ, ಮಕ್ಕಳಿಗೆ ಅದೇ ಬೇಕು. ಕೆಳಗಿನ ಬೀಗದ ಕೀಲಿಕೈಗೆ ಅತ್ತೆಯವರು ಕೆಂಪು ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಇನ್ನು ಉಳಿದಿರುವುದು ಬಚ್ಚಲಿನ ಗಾಜುಪಟ್ಟಿಗಳ ಕಿಂಡಿ. ಪಟ್ಟಿಗಳು ಒಂದೊಂದಾಗಿ ಹೊರಗಿನಿಂದ ಜಾರಿ ಬರುತ್ತವೆಂದು ಕಳೆದ ವಾರ ತೊಳೆಯುವಾಗ ಗೊತ್ತಾಯಿತು. ಅದಕ್ಕೆ ಎರಡು ಸರಳು ಹಾಕಲು ಗೌಂಡಿಯವರಿಗೆ ಹೇಳಿಕಳುಹಿಸಿದ್ದೇನೆ, ಭಾನುವಾರ ಬರುತ್ತಾರೆ.