ಹಳೆಯ ಸುದ್ದಿಯ ಹುಡುಕಾಟ: ಡಿಜಿಟಲ್ ಸಂಗ್ರಹವೋ, ಬೈಂಡ್ ಸಂಪುಟವೋ?

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಗೇಣಿದಾರ ರೈತರು ನಡೆಸಿದ ಕಾಗೋಡು ಸತ್ಯಾಗ್ರಹದ ಪತ್ರಿಕಾ ವರದಿಗಳನ್ನು ಹುಡುಕುವಾಗ, ವಿಶ್ವವಿದ್ಯಾಲಯದ ಗ್ರಂಥಾಲಯಗಳ ಮೂಲಕ ಸಿಗುವ ಡಿಜಿಟಲ್ ಸಂಗ್ರಹವನ್ನೂ ಬೈಂಡ್ ಮಾಡಿಸಿಟ್ಟ ಹಳೆಯ ಪತ್ರಿಕೆಗಳನ್ನೂ ಒಂದೇ ವಿಷಯಕ್ಕಾಗಿ ಬಳಸಿ ನೋಡುವ ಅವಕಾಶ ನನಗೆ ಒದಗಿತು. ಪತ್ರಿಕೆಗಳ ಇ-ಪೇಪರ್‌ಗಳನ್ನೂ ತೆರೆದು ನೋಡಿದೆನಾದರೂ, ಅವು ಇತ್ತೀಚಿನ ಸುದ್ದಿಗಷ್ಟೇ ಸರಿ.

ಪ್ರೋಕ್ವೆಸ್ಟ್ ಸಂಸ್ಥೆಯ ಐತಿಹಾಸಿಕ ಪತ್ರಿಕೆಗಳ ಸಂಗ್ರಹದಲ್ಲಿ ಟೈಮ್ಸ್ ಆಫ್ ಇಂಡಿಯಾದ ಸಂಚಿಕೆಗಳು 1838ರಿಂದ ಇವೆ. ಚಂದಾ ಕಟ್ಟಿರುವ ಗ್ರಂಥಾಲಯದ ಲಾಗಿನ್ ಇದ್ದವರು ಮಳೆಗಾಲದಲ್ಲಿ ಬಸ್ಸು ಹತ್ತದೆ ಮನೆಯಲ್ಲೇ ಕುಳಿತು ಇವನ್ನು ಓದಬಹುದು. ಕರೆಂಟು ಇರಬೇಕು, ಅಷ್ಟೇ. ಆದರೆ ಹುಡುಕುವ ಪದವನ್ನು ಯೋಚಿಸಿ ಕೊಡಬೇಕಾಗುತ್ತದೆ. ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್‌ನಲ್ಲಷ್ಟೇ ಅಧಿಕೃತವಾಗಿ ಬದಲಾದುದರಿಂದ, ಈಗಿನ ಕಾಗುಣಿತವನ್ನು ಕೊಟ್ಟರೆ ಹಳೆಯ ಸುದ್ದಿ ಸಿಗುವುದಿಲ್ಲ. ಮಾಸಿದ ಅಚ್ಚನ್ನು ಯಂತ್ರ ತಪ್ಪಾಗಿ ಓದಿರುವ ಕಡೆಗಳೂ ಉಂಟು. ಹಾಗಾಗಿ ಊರಿನ ಹೆಸರನ್ನು ನೆಚ್ಚದೆ, ವರ್ಷವನ್ನು 1951ಕ್ಕೆ ಮಿತಿಗೊಳಿಸಿ, ಸತ್ಯಾಗ್ರಹ, ಗೇಣಿದಾರ, ಲೋಹಿಯಾ ಎಂಬ ಪದಗಳನ್ನು ಬೇರೆ ಬೇರೆಯಾಗಿ ಕೊಟ್ಟು ಹುಡುಕುವುದು ಮೇಲು.

ಇಷ್ಟಾದರೂ ಮುಂಬಯಿಯ ಇಂಗ್ಲಿಷ್ ಪತ್ರಿಕೆಯಿಂದ ಮಲೆನಾಡಿನ ಗೇಣಿದಾರರ ಒಳ ಸಂಗತಿಗಳನ್ನು ನಿರೀಕ್ಷಿಸುವುದು ಹೆಚ್ಚೇ ಸರಿ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದುದು ದೇಶಕ್ಕೆ ಸುದ್ದಿ. ಗೇಣಿಯ ಭತ್ತ ಅಳೆಯಲು ಜಮೀನಿನ ಒಡೆಯರು ದೊಡ್ಡ ಕೊಳಗ ಬಳಸುತ್ತಿದ್ದರೆಂಬ, ಹೋರಾಟಕ್ಕೆ ಮೂಲವಾದ ತಕರಾರು ಇಲ್ಲಿಯವರಿಗೆ ಸುದ್ದಿ. ಅದಕ್ಕಾಗಿ ಕನ್ನಡ ಪತ್ರಿಕೆಗಳ ಸಂಪುಟಗಳನ್ನೇ ತೆರೆಯಬೇಕು. 1948ರಲ್ಲಿ ಆರಂಭವಾದ ಪ್ರಜಾವಾಣಿ ಈ ಹೋರಾಟದ ಕಾಲಕ್ಕಾಗಲೇ ಪ್ರಕಟವಾಗುತ್ತಿತ್ತು.

ಸಂಪುಟಗಳಲ್ಲಿ ಹುಡುಕು ಗುಂಡಿ ಇರುವುದಿಲ್ಲ, ವಿಷಯಸೂಚಿಯೂ ಇರುವುದಿಲ್ಲ. ನಾನು ನೋಡಿದ ಸಂಪುಟವನ್ನು ಹೊಲಿಯುವಾಗ ಒಳಅಂಚಿನ ಅಕ್ಷರಗಳು ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದು, ಹಾಳೆಯ ಹೊರ ತುದಿ ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಉದುರುತ್ತಿತ್ತು. ಒಂದು ವರದಿಯ ಮುಂದುವರಿದ ಭಾಗವಿದ್ದ ಪುಟವನ್ನು ಯಾರೋ ಬ್ಲೇಡಿನಿಂದ ಕತ್ತರಿಸಿದ್ದರು. ಆದರೂ ಸುದ್ದಿಯ ಅಕ್ಕಪಕ್ಕದ ಅಂಕಣಗಳು, ಓದುಗರ ಪತ್ರಗಳು, ಅಡಿಕೆ ಧಾರಣೆ ಇವೆಲ್ಲ ಒಟ್ಟಿಗೆ ಕಣ್ಣಿಗೆ ಬೀಳುವುದು ಇಲ್ಲಿ ಮಾತ್ರ. ಡಿಜಿಟಲ್ ಸಂಗ್ರಹದಲ್ಲಿ ಇಡೀ ಪುಟವನ್ನು ತೆರೆಯಲು ಅವಕಾಶವಿದ್ದರೂ ಹುಡುಕಿದ ತುಣುಕು ಸಿಕ್ಕೊಡನೆ ಬೇರೆಡೆ ನೋಡುವ ತಾಳ್ಮೆ ಉಳಿಯುವುದಿಲ್ಲ.

ಒಂದನ್ನೇ ಆರಿಸಬೇಕಾದರೆ, ಮಲೆನಾಡಿನ ವಿಷಯಕ್ಕೆ ನನ್ನ ಮತ ಸಂಪುಟಗಳಿಗೆ. ಎರಡೂ ಲಭ್ಯವಿದ್ದರೆ ಮೊದಲು ಡಿಜಿಟಲ್ ಸಂಗ್ರಹದಿಂದ ದಿನಾಂಕಗಳ ಪಟ್ಟಿ ಮಾಡಿಕೊಂಡು, ಆಮೇಲೆ ಗ್ರಂಥಾಲಯಕ್ಕೆ ಹೋಗುವುದು ಒಳಿತು. ಆ ಕಾಲದಲ್ಲಿ ಸಾಗರದ ಸುದ್ದಿ ಬೆಂಗಳೂರಿನಲ್ಲಿ ಅಚ್ಚಾಗಲು ಸಮಯ ಹಿಡಿಯುತ್ತಿದ್ದುದರಿಂದ, ಪ್ರತಿ ದಿನಾಂಕದ ಮುಂದಿನ ಮೂರು ನಾಲ್ಕು ಸಂಚಿಕೆಗಳನ್ನೂ ತೆಗೆಸಿ ನೋಡಬೇಕು.