ಎರಡು ಇಂಟರ್ನೆಟ್ ಸಂಪರ್ಕಗಳಿಗೆ ಒಂದು ರೌಟರ್: ಟಿಪಿ-ಲಿಂಕ್ ಇಆರ್605 ಬಳಸಿದ ಮೇಲೆ

ಇಂಟರ್ನೆಟ್ ನಿಂತರೆ ದಿನದ ಕೆಲಸವೇ ನಿಂತುಹೋಗುವ ಮನೆಗಳಲ್ಲಿ ಎರಡನೆಯ ಸಂಪರ್ಕವೊಂದನ್ನು ಇಟ್ಟುಕೊಳ್ಳುವುದು ಈಗ ಅಪರೂಪದ ಸಂಗತಿಯಲ್ಲ. ನಮ್ಮ ಮನೆಯಲ್ಲಿಯೂ ಒಂದು ಫೈಬರ್ ಸಂಪರ್ಕವಿದೆ, ಅದರ ಜೊತೆಗೆ ಸಿಮ್ ಹಾಕಿದ 4ಜಿ ಮೋಡೆಮ್ ಒಂದಿದೆ. ಎರಡನ್ನೂ ಒಂದೇ ರೌಟರ್‌ಗೆ ಜೋಡಿಸಿ, ಫೈಬರ್ ಹೋದಾಗ ಮನೆಯವರು ಯಾರೂ ಎದ್ದು ಏನನ್ನೂ ಬದಲಾಯಿಸದೆಯೇ 4ಜಿ ಸಂಪರ್ಕ ಕೆಲಸ ವಹಿಸಿಕೊಳ್ಳಬೇಕೆಂಬುದು ನನ್ನ ಅಪೇಕ್ಷೆಯಾಗಿತ್ತು. ಮೊದಲು ತಂದ ರೌಟರ್ ಈ ಕೆಲಸದಲ್ಲಿ ವಿಫಲವಾಯಿತು. ಅನಂತರ ತಂದ ಟಿಪಿ-ಲಿಂಕ್ ಇಆರ್605 ಈಗಲೂ ಮನೆಯಲ್ಲಿ ನಡೆಯುತ್ತಿದೆ. ಈ ಎರಡರ ನಡುವಿನ ವ್ಯತ್ಯಾಸ ಪೋರ್ಟ್‌ಗಳ ಸಂಖ್ಯೆಯಲ್ಲಾಗಲಿ ವೇಗದಲ್ಲಾಗಲಿ ಇರಲಿಲ್ಲ, ಸಂಪರ್ಕ ಸತ್ತಿದೆಯೆಂದು ರೌಟರ್ ಹೇಗೆ ತಿಳಿದುಕೊಳ್ಳುತ್ತದೆ ಎಂಬುದರಲ್ಲಿತ್ತು. ಹೊಸ ರೌಟರ್ ಕೊಳ್ಳಲು ಹೊರಟವರು ಮೊದಲು ನೋಡಬೇಕಾದದ್ದು ಇದನ್ನೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲ ರೌಟರ್‌ನ ಡಬ್ಬದ ಮೇಲೆ ‘ಡ್ಯುಯಲ್ ವ್ಯಾನ್’, ಎಂದರೆ ಹೊರಗಿನ ಎರಡು ಇಂಟರ್ನೆಟ್ ಸಂಪರ್ಕಗಳನ್ನು ಜೋಡಿಸಬಹುದು, ಎಂದು ದೊಡ್ಡದಾಗಿಯೇ ಅಚ್ಚಾಗಿತ್ತು. ಮನೆಗೆ ತಂದ ದಿನ ಫೈಬರ್ ಕಡೆಯ ಕೇಬಲ್ಲನ್ನು ರೌಟರ್‌ನಿಂದ ಕಿತ್ತು ನೋಡಿದೆ. ಕೆಲವೇ ಕ್ಷಣಗಳಲ್ಲಿ 4ಜಿಗೆ ಬದಲಾಯಿತು, ಸಮಾಧಾನವಾಯಿತು. ಆದರೆ ಮುಂದೊಂದು ದಿನ ಮನೆಯಿಂದ ಬಹಳ ದೂರದಲ್ಲೆಲ್ಲೋ ಫೈಬರ್ ತುಂಡಾದಾಗ ಅದು ಬದಲಾಗಲೇ ಇಲ್ಲ. ಕಾರಣ ಸರಳವಾಗಿದೆ. ಗೋಡೆಯ ಮೇಲಿರುವ ಫೈಬರ್ ಪೆಟ್ಟಿಗೆಗೆ, ಅಂದರೆ ಒಎನ್‌ಟಿಗೆ, ವಿದ್ಯುತ್ ಇತ್ತು. ಅದರಿಂದ ರೌಟರ್‌ಗೆ ಬರುವ ಈಥರ್ನೆಟ್ ಕೇಬಲ್ ಸರಿಯಾಗಿತ್ತು. ಪೋರ್ಟ್‌ನ ದೀಪ ಹಸಿರಾಗಿಯೇ ಉರಿಯುತ್ತಿತ್ತು. ಕೇಬಲ್‌ನ ಆ ತುದಿಯಲ್ಲಿ ಯಾವುದೋ ಒಂದು ಯಂತ್ರ ಜೀವಂತವಾಗಿದೆ ಎಂಬುದಷ್ಟನ್ನೇ ನೋಡುತ್ತಿದ್ದ ಆ ರೌಟರ್, ಅದರಾಚೆಗೆ ಇಂಟರ್ನೆಟ್ ಇದೆಯೋ ಇಲ್ಲವೋ ಎಂದು ವಿಚಾರಿಸುತ್ತಲೇ ಇರಲಿಲ್ಲ. ಮನೆಯ ಸಂಪರ್ಕಗಳು ಕೆಡುವುದು ಹೆಚ್ಚಾಗಿ ಹೀಗೆಯೇ. ನಮ್ಮ ಕಣ್ಣೆದುರಿನ ಕೇಬಲ್ ಕಿತ್ತುಹೋಗುವುದು ತೀರ ಕಡಿಮೆ; ತೊಂದರೆ ಇರುವುದು ಹೊರಗೆ, ನಮಗೆ ಕಾಣದ ಕಡೆಯಲ್ಲಿ.

ಆದ್ದರಿಂದ ರೌಟರ್ ತಾನಾಗಿಯೇ ಹೊರಜಗತ್ತಿನ ವಿಳಾಸವೊಂದಕ್ಕೆ ಆಗಾಗ ಪಿಂಗ್ ಎಂಬ ಪುಟ್ಟ ಪರೀಕ್ಷಾ ಸಂದೇಶ ಕಳಿಸಿ ಉತ್ತರ ಬರುತ್ತಿದೆಯೇ ಎಂದು ನೋಡಬೇಕು, ಇಲ್ಲವೇ ತಾಣದ ಹೆಸರಿಗೆ ತಕ್ಕ ಅಂಕಿಯ ವಿಳಾಸ ತಿಳಿಸುವ ಡಿಎನ್ಎಸ್ ಮೂಲಕ ಒಂದು ಹೆಸರನ್ನು ಹುಡುಕಿ ಪರೀಕ್ಷಿಸಬೇಕು. ಎಷ್ಟು ಸೆಕೆಂಡಿಗೊಮ್ಮೆ ನೋಡಬೇಕು, ಸತತವಾಗಿ ಎಷ್ಟು ಸಲ ತಪ್ಪಿದರೆ ಸಂಪರ್ಕ ಹೋಯಿತೆಂದು ತೀರ್ಮಾನಿಸಬೇಕು ಎಂಬುದನ್ನು ನಾವೇ ನಿಗದಿಪಡಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. 5 ಸೆಕೆಂಡಿಗೊಮ್ಮೆ ನೋಡಿ 3 ಸಲ ತಪ್ಪಿದಾಗ ಬದಲಾಗುವಂತೆ ಇಟ್ಟರೆ ಸುಮಾರು 15 ಸೆಕೆಂಡುಗಳ ಅಡಚಣೆಯಾಗುತ್ತದೆ, ಅದು ಸಹಿಸಬಹುದಾದ ಅವಧಿ. ಇದಕ್ಕಿಂತ ಬಿಗಿಯಾಗಿ, ಒಂದೇ ಒಂದು ಪಿಂಗ್ ತಪ್ಪಿದರೂ ಬದಲಾಗುವಂತೆ ಇಟ್ಟರೆ, ಫೈಬರ್ ಸ್ವಲ್ಪ ತಡವರಿಸಿದಾಗಲೆಲ್ಲ ರೌಟರ್ ಅತ್ತಿಂದಿತ್ತ ಓಲಾಡತೊಡಗುತ್ತದೆ, ಇದು ಸಂಪರ್ಕವೇ ಇಲ್ಲದಿರುವುದಕ್ಕಿಂತ ಹೆಚ್ಚು ಕಿರಿಕಿರಿ. ಹಾಗೆಯೇ ಪರೀಕ್ಷೆಗೆ ಒಂದೇ ವಿಳಾಸವನ್ನು ನಂಬಬಾರದು. 8.8.8.8 ಮತ್ತು 1.1.1.1ರಂತಹ, ಬೇರೆಬೇರೆ ಸಂಸ್ಥೆಗಳು ನಡೆಸುವ ಎರಡು ವಿಳಾಸಗಳಿದ್ದರೆ, ಅವುಗಳಲ್ಲೊಂದು ಉತ್ತರಿಸದಿದ್ದ ಮಾತ್ರಕ್ಕೆ ನಮ್ಮ ಸಂಪರ್ಕವೇ ಸತ್ತಿದೆಯೆಂಬ ತಪ್ಪು ತೀರ್ಮಾನವಾಗುವುದಿಲ್ಲ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಮಾರುಕಟ್ಟೆಯ ರೌಟರ್‌ಗಳು ತಾವಾಗಿಯೇ ಬೇರ್ಪಡುತ್ತವೆ. ಆಸುಸ್ ಕಂಪನಿಯ ಹಲವು ವೈಫೈ ರೌಟರ್‌ಗಳಲ್ಲಿ ಮನೆಯೊಳಗಿನ ಸಾಧನಗಳಿಗಾಗಿರುವ ಲ್ಯಾನ್ ಪೋರ್ಟ್‌ಗಳಲ್ಲೊಂದನ್ನು ಅಥವಾ ಯುಎಸ್‌ಬಿ ಪೋರ್ಟನ್ನು ಎರಡನೆಯ ವ್ಯಾನ್ ಆಗಿ ಬಳಸಬಹುದು. ಪಿಂಗ್ ಮತ್ತು ಡಿಎನ್ಎಸ್ ಪರೀಕ್ಷೆ ಎರಡೂ ಅವುಗಳಲ್ಲಿವೆ, ಮೊದಲಿನ ಸಂಪರ್ಕ ಮರಳಿದಾಗ ತಾನೇ ಹಿಂದಿರುಗುವ ವ್ಯವಸ್ಥೆಯೂ ಇದೆ. ವೈಫೈ ಸಹ ಒಂದೇ ಪೆಟ್ಟಿಗೆಯಲ್ಲಿ ಬೇಕೆನ್ನುವವರು ಅವುಗಳನ್ನು ಮೊದಲು ನೋಡಬಹುದು. ಮೈಕ್ರೋಟಿಕ್ ಕಂಪನಿಯ ಹೆಕ್ಸ್ ಪುಟ್ಟ ಪೆಟ್ಟಿಗೆಯಾದರೂ ಅದರೊಳಗಿನ ರೌಟರ್‌ಒಎಸ್ ತಂತ್ರಾಂಶದಲ್ಲಿ ಮಾಡಲಾಗದ ಕೆಲಸವೇ ಇಲ್ಲವೆನ್ನಬಹುದು. ಆದರೆ ಅಲ್ಲಿನ ‘ಚೆಕ್ ಗೇಟ್‌ವೇ’ ಆಯ್ಕೆಯನ್ನು ಸುಮ್ಮನೆ ಒತ್ತಿದರೆ ಅದು ಪರೀಕ್ಷಿಸುವುದು ಮುಂದಿನ ಗೇಟ್‌ವೇಯನ್ನು ಮಾತ್ರ, ಎಂದರೆ ಎಷ್ಟೋ ವೇಳೆ ನಮ್ಮ ಮನೆಯ ಮೋಡೆಮನ್ನೇ. ನನ್ನ ಮೊದಲ ರೌಟರ್ ಮಾಡಿದ ತಪ್ಪೇ ಇಲ್ಲಿಯೂ ಮರುಕಳಿಸಬಾರದೆಂದರೆ ಹೊರಗಿನ ದೂರದ ವಿಳಾಸವೊಂದನ್ನೇ ಗೇಟ್‌ವೇಯಂತೆ ಪರೀಕ್ಷಿಸುವ ರಿಕರ್ಸಿವ್ ರೂಟಿಂಗ್ ಎಂಬ ವಿಧಾನವನ್ನು ಕಲಿಯಬೇಕಾಗುತ್ತದೆ. ಕಲಿಯುವ ಹುಮ್ಮಸ್ಸು ಇರುವವರಿಗೆ ಅದು ಬಹಳ ಒಳ್ಳೆಯ ಪಾಠ, ಆದರೆ ಮನೆಯಲ್ಲಿ ಉಳಿದವರೂ ನಿಭಾಯಿಸಬೇಕಾದ ವ್ಯವಸ್ಥೆಗೆ ಅದನ್ನು ನಾನು ಸೂಚಿಸಲಾರೆ. ಹಳೆಯ ರೌಟರ್ ಕೈಯಲ್ಲಿದ್ದು ಅದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ರೌಟರ್ ತಂತ್ರಾಂಶ ಹಾಕಲು ಬರುವುದಾದರೆ, ಅದರ ಎಂವ್ಯಾನ್3 ಎಂಬ ಪ್ಯಾಕೇಜ್ ಈ ಪರೀಕ್ಷೆಯನ್ನು ಅತ್ಯಂತ ಸ್ಪಷ್ಟವಾಗಿ ಮಾಡುತ್ತದೆ. ಕೊಟ್ಟ ವಿಳಾಸಗಳಲ್ಲಿ ಎಷ್ಟು ಉತ್ತರಿಸಿದರೆ ಸಂಪರ್ಕ ಸರಿಯಿದೆಯೆಂದು ಭಾವಿಸಬೇಕೆಂಬುದನ್ನೂ ಅಲ್ಲಿ ಬರೆದಿಡಬಹುದು.

ನಾನು ಇಆರ್605ನ್ನು ಆಯ್ದುಕೊಂಡದ್ದು ಅದು ಸುಲಭವಾಗಿ ಬಳಸಬಹುದಾದವು ಮತ್ತು ಕಲಿತೇ ಬಳಸಬೇಕಾದವು ಎಂಬ ಈ ಎರಡು ತುದಿಗಳ ನಡುವೆ ಇರುವುದರಿಂದ. ಫ್ಯಾನ್ ಇಲ್ಲದ, ಸದ್ದು ಮಾಡದ ಲೋಹದ ಪೆಟ್ಟಿಗೆ. 5 ಗಿಗಾಬಿಟ್ ಪೋರ್ಟ್‌ಗಳು. ಒಂದು ಸದಾ ವ್ಯಾನ್, ಒಂದು ಸದಾ ಲ್ಯಾನ್, ನಡುವಿನ ಮೂರನ್ನು ನಮಗೆ ಬೇಕಾದಂತೆ ಯಾವುದನ್ನಾಗಿಯಾದರೂ ಮಾಡಿಕೊಳ್ಳಬಹುದು. ಎರಡನೆಯ ಆವೃತ್ತಿಯಲ್ಲಿ ಮೊಬೈಲ್ ಡಾಂಗಲ್ ಸಿಕ್ಕಿಸಲು ಯುಎಸ್‌ಬಿ ಪೋರ್ಟ್ ಕೂಡ ಇದೆ. ಕೊಳ್ಳುವಾಗ ಆವೃತ್ತಿ ಯಾವುದೆಂದು ಡಬ್ಬದ ಮೇಲೆ ನೋಡಿಕೊಳ್ಳುವುದು ಒಳ್ಳೆಯದು. ಹಲವು ಸಾಧನಗಳನ್ನು ಒಟ್ಟಿಗೆ ನಿರ್ವಹಿಸುವ ಟಿಪಿ-ಲಿಂಕ್‌ನ ಒಮಾಡಾ ನಿಯಂತ್ರಕದ ಅಗತ್ಯವಿಲ್ಲದೆ, ಬ್ರೌಸರ್‌ನಲ್ಲಿ ತೆರೆಯುವ ಅದರದೇ ಪುಟದಿಂದ ಎಲ್ಲವನ್ನೂ ಹೊಂದಿಸಬಹುದು. ‘ಆನ್‌ಲೈನ್ ಡಿಟೆಕ್ಷನ್’ ಎಂಬ ಪುಟದಲ್ಲಿ ಪಿಂಗ್ ವಿಳಾಸವನ್ನೂ ಡಿಎನ್ಎಸ್ ವಿಳಾಸವನ್ನೂ ಪ್ರತಿಯೊಂದು ವ್ಯಾನ್ ಪೋರ್ಟ್‌ಗೂ ಬೇರೆಯಾಗಿ ಕೊಡಲು ಅವಕಾಶವಿದೆ. ಅದೇ ಪುಟದಲ್ಲಿರುವ ‘ಆಲ್ವೇಸ್ ಆನ್‌ಲೈನ್’ ಆಯ್ಕೆಯನ್ನು ಮಾತ್ರ ಮುಟ್ಟಬಾರದು, ಏಕೆಂದರೆ ಅದು ಪರೀಕ್ಷೆಯನ್ನೇ ನಿಲ್ಲಿಸಿಬಿಡುತ್ತದೆ.

ಇದರಲ್ಲಿ ವೈಫೈ ಇಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಮನೆಯಲ್ಲಿ ಈಗಾಗಲೇ ಇರುವ ವೈಫೈ ರೌಟರನ್ನು ವೈಫೈ ಹರಡುವುದನ್ನಷ್ಟೇ ಮಾಡುವ ಆಕ್ಸೆಸ್ ಪಾಯಿಂಟ್ ಕ್ರಮಕ್ಕೆ ಬದಲಾಯಿಸಿ ಇದರ ಕೆಳಗೆ ಜೋಡಿಸಿದರೆ ಸಾಕು. ವೈಫೈ ಹಳತಾದಾಗ ಅದನ್ನಷ್ಟೇ ಬದಲಾಯಿಸಬಹುದು, ಸಂಪರ್ಕಗಳ ವ್ಯವಸ್ಥೆಯನ್ನು ಮತ್ತೆ ಮೊದಲಿನಿಂದ ಕಟ್ಟಬೇಕಾಗಿಲ್ಲ. ನನಗೆ ಇದು ಕೊರತೆಯಾಗಿ ಕಾಣದೆ ಅನುಕೂಲವಾಗಿಯೇ ಕಂಡಿತು.

ಎರಡು ಸಂಪರ್ಕಗಳನ್ನು ಬಳಸುವ ಬಗೆಯಲ್ಲಿ ಎರಡು ದಾರಿಗಳಿವೆ. ಒಂದನ್ನು ಮುಖ್ಯವಾಗಿಟ್ಟು ಇನ್ನೊಂದನ್ನು ಆಪತ್ಕಾಲಕ್ಕೆ ಮೀಸಲಿಡುವುದು ಫೇಲ್‌ಓವರ್. ಎರಡನ್ನೂ ಸದಾ ಬಳಸುತ್ತ ಭಾರವನ್ನು ಹಂಚುವುದು ಲೋಡ್ ಬ್ಯಾಲೆನ್ಸಿಂಗ್. ಎರಡನೆಯದರ ಬಗ್ಗೆ ಜನರಲ್ಲಿ ಇರುವ ನಿರೀಕ್ಷೆ ಹೆಚ್ಚಾಗಿ ತಪ್ಪಾದದ್ದು. 100 ಎಂಬಿಪಿಎಸ್ ಸಂಪರ್ಕವೂ 50 ಎಂಬಿಪಿಎಸ್ ಸಂಪರ್ಕವೂ ಸೇರಿ 150 ಎಂಬಿಪಿಎಸ್‌ನ ಒಂದು ಸಂಪರ್ಕವಾಗುವುದಿಲ್ಲ. ರೌಟರ್ ಹಂಚುವುದು ಒಂದೊಂದು ಕನೆಕ್ಷನ್ನನ್ನು, ಎಂದರೆ ನಮ್ಮ ಸಾಧನ ಒಂದು ತಾಣದೊಡನೆ ನಡೆಸುವ ಒಂದೊಂದು ಮಾತುಕತೆಯನ್ನು. ಒಂದೇ ಕನೆಕ್ಷನ್ನಿನಲ್ಲಿ ಬರುವ ಒಂದು ಕಡತ ಯಾವುದಾದರೂ ಒಂದೇ ದಾರಿಯಲ್ಲಿ ಬರುತ್ತದೆ, ಆ ದಾರಿಯ ವೇಗಕ್ಕಿಂತ ಹೆಚ್ಚು ಅದಕ್ಕೆ ಸಿಗುವುದಿಲ್ಲ. ಮನೆಯಲ್ಲಿ ನಾಲ್ಕು ಜನ ಏಕಕಾಲಕ್ಕೆ ಬೇರೆಬೇರೆ ಕೆಲಸ ಮಾಡುತ್ತಿದ್ದರೆ ಮಾತ್ರ ಒಟ್ಟು ಮೊತ್ತದ ಪ್ರಯೋಜನ ಕಾಣುತ್ತದೆ. ಎರಡನ್ನೂ ನಿಜವಾಗಿ ಬೆಸೆದು ಒಂದಾಗಿಸಬೇಕೆಂದರೆ ಆ ಕಡೆಯ ತುದಿಯಲ್ಲಿಯೂ ಅವನ್ನು ಮತ್ತೆ ಜೋಡಿಸುವ ಯಂತ್ರವೊಂದು ಇರಬೇಕು. ಪೆಪ್‌ಲಿಂಕ್ ಕಂಪನಿಯ ಸ್ಪೀಡ್‌ಫ್ಯೂಷನ್ ಮಾಡುವುದು ಇದನ್ನೇ, ಅದು ಬೇರೆಯೇ ದರ್ಜೆಯ ವ್ಯವಸ್ಥೆ.

ಹಂಚಿಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬ್ಯಾಂಕಿನಂತಹ ತಾಣಗಳಲ್ಲಿ ಲಾಗಿನ್ ಆದ ಮೇಲೆ ಒಂದು ಪುಟ ಒಂದು ಸಂಪರ್ಕದ ವಿಳಾಸದಿಂದಲೂ ಮರುಪುಟ ಇನ್ನೊಂದರ ವಿಳಾಸದಿಂದಲೂ ತೆರೆದರೆ, ಕೆಲವು ತಾಣಗಳು ಅನುಮಾನಗೊಂಡು ಹೊರಹಾಕುತ್ತವೆ. ಇಆರ್605ನಲ್ಲಿರುವ ‘ಅಪ್ಲಿಕೇಶನ್ ಆಪ್ಟಿಮೈಸ್ಡ್ ರೂಟಿಂಗ್’ ಇದಕ್ಕಾಗಿಯೇ ಇದೆ. ಒಂದು ಸಾಧನ ಒಂದು ತಾಣಕ್ಕೆ ಮೊದಲು ಯಾವ ದಾರಿಯಲ್ಲಿ ಹೋಯಿತೋ ಅದೇ ದಾರಿಯಲ್ಲಿ ಮುಂದೆಯೂ ಹೋಗುವಂತೆ ಅದು ನೋಡಿಕೊಳ್ಳುತ್ತದೆ. ಲೋಡ್ ಬ್ಯಾಲೆನ್ಸಿಂಗ್ ಬಳಸುವವರು ಇದನ್ನು ಆನ್ ಮಾಡಿಯೇ ಇಡಬೇಕು, ಮತ್ತು ವ್ಯಾನ್ ಪುಟದಲ್ಲಿ ಎರಡೂ ಸಂಪರ್ಕಗಳ ನಿಜವಾದ ವೇಗವನ್ನು ನಮೂದಿಸಬೇಕು, ಏಕೆಂದರೆ ಹಂಚಿಕೆಯ ಪ್ರಮಾಣ ನಿರ್ಧಾರವಾಗುವುದು ಆ ಅಂಕಿಗಳಿಂದಲೇ. ನಮ್ಮ 4ಜಿ ಸಂಪರ್ಕಕ್ಕೆ ಡೇಟಾ ಮಿತಿ ಇರುವುದರಿಂದ ನಾನು ಫೇಲ್‌ಓವರ್ ಮಾತ್ರ ಇಟ್ಟುಕೊಂಡಿದ್ದೇನೆ. ಇಲ್ಲವಾದರೆ ಯಾವುದೋ ಒಂದು ಕಂಪ್ಯೂಟರ್ ರಾತ್ರಿ ತನ್ನಷ್ಟಕ್ಕೆ ಇಳಿಸಿಕೊಳ್ಳುವ ಅಪ್‌ಡೇಟ್, ಅಗತ್ಯ ಬಂದಾಗ ಉಳಿದಿರಬೇಕಾದ ಡೇಟಾವನ್ನು ಮುಗಿಸಿಬಿಡಬಹುದು.

ಫೇಲ್‌ಓವರ್ ಆದಾಗ ನಡೆಯುತ್ತಿರುವ ಎಲ್ಲವೂ ಅಡೆತಡೆಯಿಲ್ಲದೆ ಮುಂದುವರಿಯುತ್ತದೆಂದು ಭಾವಿಸಬಾರದು. ಇಂಟರ್ನೆಟ್‌ನಲ್ಲಿ ಹೆಚ್ಚಾಗಿ ಬಳಕೆಯಾಗುವ ಟಿಸಿಪಿ ಎಂಬ ವಿಧಾನದ ಕನೆಕ್ಷನ್ ಎರಡೂ ತುದಿಗಳ ವಿಳಾಸಕ್ಕೆ ಕಟ್ಟುಬಿದ್ದಿರುತ್ತದೆ. ಸಂಪರ್ಕ ಬದಲಾದೊಡನೆ ನಮ್ಮ ಹೊರವಿಳಾಸ ಬದಲಾಗುವುದರಿಂದ ಹಳೆಯ ಕನೆಕ್ಷನ್ ಮುರಿಯಲೇಬೇಕು. 2021ರಲ್ಲಿ ಆರ್‌ಎಫ್‌ಸಿ 9000 ಆಗಿ ಪ್ರಕಟವಾದ ಕ್ವಿಕ್ ಪ್ರೋಟೊಕಾಲ್ ಕನೆಕ್ಷನ್ನನ್ನು ವಿಳಾಸದಿಂದ ಗುರುತಿಸದೆ ಪ್ರತ್ಯೇಕ ಗುರುತುಸಂಖ್ಯೆಯಿಂದ ಗುರುತಿಸುವುದರಿಂದ ಇಂಥ ಬದಲಾವಣೆಯನ್ನು ತಾಳಿಕೊಳ್ಳಬಲ್ಲದು, ಆದರೆ ಎಲ್ಲ ಸೇವೆಗಳೂ ಅದನ್ನು ಬಳಸುವುದಿಲ್ಲ. ನಮ್ಮಲ್ಲಿ ವಿಡಿಯೊ ಕರೆ ಒಮ್ಮೆ ಸ್ತಬ್ಧವಾಗಿ, ತಾನೇ ಮತ್ತೆ ಜೋಡಣೆಯಾಗಿ ಮುಂದುವರಿಯುತ್ತದೆ. ಕಚೇರಿಯ ವಿಪಿಎನ್ ಮಾತ್ರ ಮರುಲಾಗಿನ್ ಕೇಳುತ್ತದೆ.

ಹೊಂದಿಸುವಾಗ ಬಹಳ ಜನ ಎಡವುವ ಜಾಗವೊಂದನ್ನು ಇಲ್ಲಿ ಹೇಳಲೇಬೇಕು. ಇಆರ್605 ತನ್ನ ಒಳಜಾಲಕ್ಕೆ 192.168.0.1 ಎಂಬ ವಿಳಾಸವನ್ನು ಇಟ್ಟುಕೊಂಡು ಬರುತ್ತದೆ. ಒಎನ್‌ಟಿ ಮತ್ತು 4ಜಿ ಮೋಡೆಮ್‌ಗಳು ಸಾಮಾನ್ಯವಾಗಿ ಇದೇ ವಿಳಾಸವನ್ನೋ 192.168.1.1 ಎಂಬುದನ್ನೋ ಬಳಸುತ್ತವೆ. ಮೂರರಲ್ಲಿ ಯಾವ ಎರಡು ಒಂದೇ ವಿಳಾಸ ಸರಣಿಯಲ್ಲಿದ್ದರೂ, ಎಂದರೆ ವಿಳಾಸದ ಮೊದಲ ಮೂರು ಅಂಕಿಗಳು ಒಂದೇ ಆಗಿದ್ದರೂ, ಯಾವ ಮಾತು ಯಾರಿಗೆ ಹೋಗಬೇಕೆಂಬುದು ರೌಟರ್‌ಗೆ ತಿಳಿಯುವುದಿಲ್ಲ. ಎಲ್ಲ ದೀಪಗಳೂ ಉರಿಯುತ್ತಿರುತ್ತವೆ, ಇಂಟರ್ನೆಟ್ ಮಾತ್ರ ಬರುವುದಿಲ್ಲ. ನಾನು ಮೂರಕ್ಕೂ ಮೂರು ಸರಣಿಗಳನ್ನು ಕೊಟ್ಟು, ಅವುಗಳನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಕೆಳಗೆ ಅಂಟಿಸಿದ್ದೇನೆ. ಒಎನ್‌ಟಿಯನ್ನು, ತಾನು ರೌಟರ್ ಕೆಲಸ ಮಾಡದೆ ಸಂಪರ್ಕವನ್ನು ದಾಟಿಸುವುದನ್ನಷ್ಟೇ ಮಾಡುವ ಬ್ರಿಡ್ಜ್ ಕ್ರಮದಲ್ಲಿ ಇಡಲು ಸೇವೆ ಕೊಡುವವರು ಒಪ್ಪಿದರೆ ಎರಡೆರಡು ಸಲ ವಿಳಾಸ ಬದಲಾವಣೆಯಾಗುವುದೂ ತಪ್ಪುತ್ತದೆ. 4ಜಿ ಕಡೆ ಹೆಚ್ಚಾಗಿ 100.64ರಿಂದ ಶುರುವಾಗುವಂತಹ, ಹಲವರು ಹಂಚಿಕೊಳ್ಳುವ ವಿಳಾಸ ಸಿಗುವುದರಿಂದ, ಹೊರಗಿನಿಂದ ಮನೆಯ ಕ್ಯಾಮೆರಾ ಅಥವಾ ಸರ್ವರ್‌ಗೆ ನೇರವಾಗಿ ಬರಬೇಕಾದವರು ಫೈಬರ್ ಹೋದ ಹೊತ್ತಿನಲ್ಲಿ ಅದನ್ನು ನಿರೀಕ್ಷಿಸಬಾರದು. ಡಿಎನ್ಎಸ್ ವಿಷಯದಲ್ಲಿಯೂ ಎಚ್ಚರ ಬೇಕು: ಕೆಲವು ಸೇವಾದಾರರ ಡಿಎನ್ಎಸ್ ಸರ್ವರ್‌ಗಳು ಅವರ ಜಾಲದೊಳಗಿನಿಂದ ಮಾತ್ರ ಉತ್ತರಿಸುತ್ತವೆ, ಆದ್ದರಿಂದ ಎರಡೂ ದಾರಿಗಳಿಂದ ತಲುಪಬಹುದಾದ ಸಾರ್ವಜನಿಕ ಡಿಎನ್ಎಸ್ ಬಳಸುವುದು ಕ್ಷೇಮ.

ಎರಡನೆಯ ಸಂಪರ್ಕವನ್ನು ಆರಿಸುವಾಗ ಅದು ಬೇರೆ ಕಂಪನಿಯದಾಗಿದ್ದರೆ ಸಾಲದು, ಬೇರೆ ದಾರಿಯಲ್ಲಿ ಬರುವಂಥದಾಗಿರಬೇಕು. ಎರಡು ಫೈಬರ್‌ಗಳು ಒಂದೇ ಕಂಬದ ಮೇಲೆ ಅಕ್ಕಪಕ್ಕದಲ್ಲಿ ಬರುತ್ತಿದ್ದರೆ ಕಂಬ ಬಿದ್ದಾಗ ಎರಡೂ ಹೋಗುತ್ತವೆ. ಒಂದು ನೆಲದ ಮೇಲಿನದು, ಇನ್ನೊಂದು ಗಾಳಿಯ ಮೂಲಕ ಬರುವುದು ಎಂಬಂತಿದ್ದರೆ ಆ ಭಯ ಕಡಿಮೆ. ವಿದ್ಯುತ್ ಹೋದಾಗ ರೌಟರ್ ಒಂದಕ್ಕೆ ಬ್ಯಾಟರಿ ಇದ್ದು ಒಎನ್‌ಟಿಗೂ ಮೋಡೆಮ್‌ಗೂ ಇಲ್ಲದಿದ್ದರೆ ಪ್ರಯೋಜನವಿಲ್ಲ. ಪ್ರತಿಯೊಂದರ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿ ಎಲ್ಲಕ್ಕೂ ಸಾಲುವ ಯುಪಿಎಸ್ ಇಡಬೇಕು.

ಎಲ್ಲವನ್ನೂ ಜೋಡಿಸಿದ ಮೇಲೆ ಪರೀಕ್ಷೆಯನ್ನು ಸರಿಯಾದ ಜಾಗದಲ್ಲಿ ಮಾಡಬೇಕು. ರೌಟರ್‌ನ ಕೇಬಲ್ ಕಿತ್ತರೆ ನನ್ನ ಮೊದಲ ರೌಟರ್ ಕೂಡ ಉತ್ತೀರ್ಣವಾಗುತ್ತದೆ. ಒಎನ್‌ಟಿಗೆ ಬರುವ ಫೈಬರ್‌ನ ಪ್ಲಗ್ಗನ್ನೇ ಮೆಲ್ಲಗೆ ಹೊರತೆಗೆದು, ಅದರ ತುದಿಯನ್ನು ಮುಟ್ಟದೆ, ಅದರೊಳಗೆ ಕಣ್ಣಿಟ್ಟು ನೋಡದೆ, ಧೂಳು ಬೀಳದಂತೆ ಮುಚ್ಚಿಟ್ಟು ಗಡಿಯಾರ ನೋಡಬೇಕು. ಮನೆಯ ಯಾವುದಾದರೂ ಫೋನಿನಲ್ಲಿ ಒಂದು ವಿಡಿಯೊ ಕರೆ ನಡೆಯುತ್ತಿರಲಿ. ಮತ್ತೆ ಸಿಕ್ಕಿಸಿದ ಮೇಲೆ ಫೈಬರ್‌ಗೆ ತಾನಾಗಿ ಹಿಂದಿರುಗಿತೇ ಎಂಬುದನ್ನೂ ನೋಡಬೇಕು. ಹಿಂದಿರುಗದಿದ್ದರೆ ನಮಗೆ ತಿಳಿಯದಂತೆಯೇ 4ಜಿ ಡೇಟಾ ಖರ್ಚಾಗುತ್ತಿರುತ್ತದೆ. ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಈ ಪರೀಕ್ಷೆ ನಡೆಯುತ್ತದೆ, ಏಕೆಂದರೆ ಸದಾ ಸುಮ್ಮನಿರುವ ಎರಡನೆಯ ಸಂಪರ್ಕದ ಸಿಮ್ ಅವಧಿ ಮುಗಿದಿದ್ದರೆ ಅದು ಗೊತ್ತಾಗುವುದು ಬೇರೆ ಯಾವ ರೀತಿಯಲ್ಲಿಯೂ ಅಲ್ಲ.